ನಿಧನ ವಾರ್ತೆಯಲ್ಲಿ ಬಾಯಮ್ಮನ ಕೆಲಸಕ್ಕೂ ನಾಲ್ಕು ಸಾಲು ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಉಡುಪಿ, ಕಾಪು, ಶಿರ್ವ ಕಡೆಯ ಕೆಥೊಲಿಕ್ ಮನೆಗಳಲ್ಲಿ ಹಿರಿಯ ಹೆಂಗಸೊಬ್ಬರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ನಿಧನ ವಾರ್ತೆ ಹೆಚ್ಚುಕಡಿಮೆ ಒಂದೇ ಅಚ್ಚಿನದು. ದಿವಂಗತ ಇಂಥವರ ಪತ್ನಿ, ಪ್ರಾಯ ಇಷ್ಟು, ‘ಧರ್ಮಭಕ್ತೆ, ಕುಟುಂಬವತ್ಸಲೆ, ಸಮಾಜಸೇವಕಿ’. ಆಮೇಲೆ ಮಕ್ಕಳ ಪಟ್ಟಿ: ಒಬ್ಬ ದುಬೈಯಲ್ಲಿ ಎಂಜಿನಿಯರ್, ಒಬ್ಬ ಮುಂಬೈಯಲ್ಲಿ ಬ್ಯಾಂಕ್ ಅಧಿಕಾರಿ, ಒಬ್ಬಳು ಕಾನ್ವೆಂಟಿನಲ್ಲಿ ಸಿಸ್ಟರ್. ಕೊನೆಗೆ ಬಲಿಪೂಜೆ ಎಷ್ಟು ಗಂಟೆಗೆ, ಯಾವ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಎಂಬುದು. ಮುಕ್ಕಾಲು ಪಾಲು ಸುದ್ದಿ ಬದುಕಿರುವವರದು. ತೀರಿಕೊಂಡವರ ಪಾಲಿಗೆ ಉಳಿಯುವುದು ಆ ಮೂರು ವಿಶೇಷಣ ಮಾತ್ರ.

ಆ ಮೂರು ಮಾತು ಸುಳ್ಳೇನೂ ಅಲ್ಲ. ಆದರೆ ಒಂದೊಂದರ ಒಳಗೂ ಐವತ್ತು, ಅರವತ್ತು ವರ್ಷದ ಕೆಲಸ ಕೂತಿದೆ. ಅದಕ್ಕೊಂದು ಲೆಕ್ಕ, ಒಂದು ಕ್ರಮ, ತಪ್ಪಿದರೆ ಏನಾಗುತ್ತದೆ ಎಂಬ ತಿಳಿವಳಿಕೆ ಇತ್ತು. ತುಳುವಿನ ನೆರೆಹೊರೆಯವರು ‘ಬಾಯಮ್ಮ’ ಎಂದು ಕರೆಯುವ ಆ ತಲೆಮಾರು ಈಗ ಒಬ್ಬೊಬ್ಬರಾಗಿ ಹೋಗುತ್ತಿದೆ. ವಾರ್ತೆ ಬರೆದು ಕಳಿಸುವ ಮನೆಯವರಿಗೂ ಅದನ್ನು ಅಚ್ಚು ಮಾಡುವ ನಿಮಗೂ ಅನುಕೂಲವಾಗಲಿ ಎಂದು ಆ ಮಾತುಗಳ ಒಳಗೆ ಏನೇನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

‘ಕುಟುಂಬವತ್ಸಲೆ’ಯಿಂದ ಶುರು ಮಾಡೋಣ. ಶಂಕರಪುರ, ಮೂಡುಬೆಳ್ಳೆ, ಪಾಂಬೂರು, ಇನ್ನಂಜೆ ಸುತ್ತಿನಲ್ಲಿ ಈ ಮಾತಿಗೆ ಮೊದಲ ಅರ್ಥ ಮಲ್ಲಿಗೆ. ಗಂಡ ಮುಂಬೈಯ ಹೋಟೆಲಿನಲ್ಲೋ ಹಡಗಿನಲ್ಲೋ ದುಡಿಯುತ್ತಿದ್ದ. 70ರ ದಶಕದ ಮೇಲೆ ಗಲ್ಫಿಗೆ ಹೋದ. ಅವನ ಮನಿಯಾರ್ಡರ್ ಬಂದರೆ ಬಂತು. ದಿನದ ಖರ್ಚು, ಮಕ್ಕಳ ಫೀಸು, ಹೆಣ್ಣುಮಕ್ಕಳ ಚಿನ್ನ, ಬಾವಿಯ ಕಟ್ಟೆ ಎಲ್ಲವೂ ಹೊರಟದ್ದು ಅಂಗಳದ ಬದಿಯ ಮಲ್ಲಿಗೆ ಗಿಡಗಳಿಂದ. ಈ ಹೂವಿಗೆ ಈಗ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚ್ಯಂಕವೂ ಇದೆ. ಆ ಮಾನ್ಯತೆಯ ಹಿಂದಿರುವ ಕೈಗಳಲ್ಲಿ ಬಹುಪಾಲು ಇಂಥ ಹೆಂಗಸರದೇ.

ಲೆಕ್ಕ ಹೀಗೆ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಅಂದರೆ 3,200 ಮೊಗ್ಗು. ದರ ನಿಗದಿಯಾಗುವುದು ಅಟ್ಟೆಗೆ, ಅದೂ ದಿನದಿನಕ್ಕೆ. ಬೆಳಕು ಹರಿಯುವ ಹೊತ್ತಿಗೆ ಗಿಡದ ಬುಡದಲ್ಲಿರಬೇಕು. ಅವತ್ತು ಸಂಜೆ ಅರಳಲಿರುವ ಮೊಗ್ಗನ್ನು ಮಾತ್ರ ಕೊಯ್ಯಬೇಕು. ಅದು ಬೆಳ್ಳಗೆ ತುಂಬಿಕೊಂಡು ತೊಟ್ಟಿನ ಹತ್ತಿರ ಹಸುರು ಇಳಿದಿರುತ್ತದೆ. ಒಂದು ದಿನ ಮೊದಲೇ ಕೊಯ್ದರೆ ಮೊಗ್ಗು ಅರಳದೆ ಮುಡಿಯಲ್ಲೇ ಬಾಡುತ್ತದೆ. ಒಂದು ದಿನ ತಡವಾದರೆ ಕಟ್ಟುವಾಗಲೇ ಬಾಯಿ ಬಿಟ್ಟು ದರ ಕಳೆದುಕೊಳ್ಳುತ್ತದೆ. ಮಳೆ ಬಿದ್ದ ದಿನ ಒದ್ದೆ ಮೊಗ್ಗನ್ನು ಹಾಗೇ ಕಟ್ಟಿದರೆ ಎರಡು ಗಂಟೆಯೊಳಗೆ ಕಂದುತ್ತದೆ. ಅದಕ್ಕೆ ಬಟ್ಟೆಯ ಮೇಲೆ ಹರಡಿ ನೀರು ಹೀರಿಸಿಕೊಂಡೇ ನಾರು ಕೈಗೆತ್ತಿಕೊಳ್ಳುವುದು.

ಆ ನಾರು ಬಾಳೆಯ ಒಣ ನಾರು. ಹಿಂದಿನ ರಾತ್ರಿಯೇ ಸೀಳಿ, ನೀರು ಚಿಮುಕಿಸಿ ಮೆತ್ತಗೆ ಮಾಡಿಡಬೇಕು. ಎರಡು ಮೊಗ್ಗು ಆಚೆ, ಎರಡು ಈಚೆ, ಒಂದು ಸುತ್ತು, ಒಂದು ಗಂಟು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿ ಮೊಗ್ಗು ಉದುರುತ್ತದೆ, ಸಡಿಲವಾದರೆ ಹೂವು ಕೊಳ್ಳುವವರ ಕಟ್ಟೆಯಲ್ಲಿ ಎತ್ತಿ ಹಿಡಿದಾಗ ಜಾರುತ್ತದೆ. ಹತ್ತು ಹತ್ತೂವರೆಯೊಳಗೆ ಹೂವು ಕಟ್ಟೆಗೆ ತಲುಪಬೇಕು, ಇಲ್ಲದಿದ್ದರೆ ಮುಂಬೈ ಕಡೆ ಹೋಗುವ ಮಾಲಿಗೆ ಸೇರುವುದಿಲ್ಲ. ಹಾಗಾಗಿ ಆರರಿಂದ ಹತ್ತರ ತನಕ ಆ ಮನೆಗಳಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ಮಗ್ಗಿ ಬಾಯಿಪಾಠವೂ ಜಪದ ಪಾಠವೂ ಹೂವು ಕಟ್ಟುವ ಜಗಲಿಯಲ್ಲೇ ನಡೆಯುತ್ತಿತ್ತು.

ಕಟ್ಟೆಯವರು ಕೊಡುವ ಸಣ್ಣ ಪುಸ್ತಕದಲ್ಲಿ ತಾರೀಕು, ಚೆಂಡು, ದರ ಬರೆದಿರುತ್ತದೆ. ಮನೆಯ ಯಜಮಾನ್ತಿಯ ಜಾಣತನ ಕಾಣಬೇಕಾದರೆ ಆ ಪುಸ್ತಕ ನೋಡಬೇಕು. ಮದುವೆಯ ಹಂಗಾಮಿನಲ್ಲಿ, ಅಂದರೆ ಏಪ್ರಿಲ್ ಮೇಯಲ್ಲಿ, ಅಟ್ಟೆಗೆ ಸಾವಿರ ದಾಟುವ ದರ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ನೆಲಕ್ಕಿಳಿಯುತ್ತದೆ. ಆಟಿಯಲ್ಲಿ ತುಳುನಾಡಿನಲ್ಲಿ ಮದುವೆಯಿಲ್ಲ, ಮಳೆಗೆ ಗಿಡದಲ್ಲಿ ಹೂವೂ ಇಲ್ಲ. ಶಾಲೆ ಶುರುವಾಗುವುದು ಮಾತ್ರ ಜೂನಿನಲ್ಲಿ. ಮೇ ತಿಂಗಳ ದುಡ್ಡನ್ನು ಸೊಸೈಟಿಯಲ್ಲೋ ಚಿಟ್‌ಫಂಡಿನಲ್ಲೋ ಕಟ್ಟಿಹಾಕದ ಮನೆಯವರು ಜೂನಿನಲ್ಲಿ ಬಳೆ ಅಡವಿಡಬೇಕಾಗುತ್ತಿತ್ತು. ಇದನ್ನೆಲ್ಲ ‘ಮನೆವಾರ್ತೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಆದಾಯ ಏರಿಳಿಯುವ ಒಂದು ಸಣ್ಣ ಉದ್ಯಮವನ್ನು ನಲವತ್ತು ವರ್ಷ ಸಾಲವಿಲ್ಲದೆ ನಡೆಸುವುದು ಎಲ್ಲರಿಂದ ಆಗುವುದಿಲ್ಲ.

ಗಿಡದ ಆರೈಕೆಯೂ ಅವರದೇ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ಮಣ್ಣು ಏರಿಸಿ ನೆಡುವುದು, ಕಡಲೆ ಹಿಂಡಿ ಮತ್ತು ಸೆಗಣಿ ನೆನೆಸಿ ಕೊಳೆಸಿದ ನೀರು ಕೊಡುವುದು, ಮಳೆ ಹಿಡಿಯುವ ಮೊದಲು ಬೋರ್ಡೊ ದ್ರಾವಣ ಹೊಡೆಸುವುದು. ಹಸಿ ಹಿಂಡಿಯನ್ನು ಹಾಗೇ ಬುಡಕ್ಕೆ ಹಾಕಿದರೆ ಇರುವೆ, ಗೆದ್ದಲು ಏಳುತ್ತವೆ ಎಂಬುದನ್ನು ಕೃಷಿ ಇಲಾಖೆಯವರು ಬಂದು ಹೇಳಬೇಕಾಗಿರಲಿಲ್ಲ. ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗಬೇಕು: ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುತ್ತ ಬಾಯಮ್ಮ ಕಟ್ಟಿದ ಆ ಅಟ್ಟೆಗಳಲ್ಲಿ ಬಹಳಷ್ಟು ಸೇರುತ್ತಿದ್ದದ್ದು ದೇವಸ್ಥಾನಗಳಿಗೆ, ಭೂತಕೋಲಗಳಿಗೆ, ನಾಗಮಂಡಲಗಳಿಗೆ. ಅದು ಯಾರಿಗೂ ವಿಚಿತ್ರ ಅನ್ನಿಸಿದ್ದಿಲ್ಲ.

1974ರ ಭೂಸುಧಾರಣೆಯ ಸಂಗತಿಯೂ ಇದಕ್ಕೇ ಸೇರಿದ್ದು. ಒಕ್ಕಲುಗಳಾಗಿದ್ದ ಕೆಥೊಲಿಕ್ ಕುಟುಂಬಗಳು ಉಳುತ್ತಿದ್ದ ಜಮೀನು ತಮ್ಮದಾಗಲು ಆಗ ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಎದುರು ನಿಲ್ಲಬೇಕಾಯಿತು. ಗಂಡ ಊರಿನಲ್ಲಿಲ್ಲದ ಮನೆಗಳಲ್ಲಿ ಕಾಗದಪತ್ರ ಜೋಪಾನ ಮಾಡಿದವಳು ಹೆಂಡತಿ. ಗೇಣಿಯನ್ನು ಅಕ್ಕಿ ಮುಡಿಯಲ್ಲಿ ಅಳೆದವರಿಗೆ ರಶೀದಿ ಸಿಕ್ಕಿದ್ದು ಕಡಿಮೆ. ಪಹಣಿಯಲ್ಲಿ ಸಾಗುವಳಿದಾರರ ಹೆಸರು ಇಲ್ಲದಿದ್ದರೆ ನೆರೆಯವರ ಸಾಕ್ಷಿಯೇ ಗತಿ. ನೆರೆಯವರು ಬಂದು ಸಾಕ್ಷಿ ಹೇಳುವಷ್ಟು ಸಂಬಂಧ ಉಳಿಸಿಕೊಂಡಿದ್ದವರು ಯಾರು ಎಂದು ಹಳೆಯ ಮನೆಗಳಲ್ಲಿ ವಿಚಾರಿಸಿ ನೋಡಿ.

‘ಧರ್ಮಭಕ್ತೆ’ ಎಂಬುದಕ್ಕೆ ಬರೋಣ. ಸಂಜೆ ಇಗರ್ಜಿಯ ಆಮೊರಿ ಗಂಟೆ, ಅಂದರೆ ಪ್ರಾರ್ಥನೆಗೆ ಕರೆಯುವ ಗಂಟೆ, ಬಿದ್ದೊಡನೆ ಇದ್ದಲ್ಲೇ ನಿಂತು ಪ್ರಾರ್ಥನೆ, ಆಮೇಲೆ ಮನೆಯ ಆಲ್ತಾರಿನ (ದೇವರ ಪೀಠದ) ಎದುರು ತೇರ್ಸ್. ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಒಂದು ಪರಲೋಕ ಮಂತ್ರ, ಮೂರು ನಮೋ ಮರಿಯ, ಬಳಿಕ ಐದು ರಹಸ್ಯಗಳು (ಯೇಸು, ಮರಿಯರ ಬದುಕಿನ ಘಟನೆಗಳ ಧ್ಯಾನ), ಒಂದೊಂದಕ್ಕೂ ಹತ್ತು ನಮೋ ಮರಿಯ. ಒಟ್ಟು 53 ನಮೋ ಮರಿಯ. ಕೊನೆಗೆ ಮಾತೆಯ ಲಿತಾನಿ, ಸತ್ತವರಿಗಾಗಿ ಪ್ರಾರ್ಥನೆ. ಸಾವಧಾನವಾಗಿ ಹೇಳಿದರೆ ಅರ್ಧ ಗಂಟೆ. ಮಕ್ಕಳು ತೂಕಡಿಸುವುದು ಮೂರನೆಯ ರಹಸ್ಯದ ಹೊತ್ತಿಗೆ. ಅದಕ್ಕೇ ಐದು ರಹಸ್ಯಗಳನ್ನು ಐವರಿಗೆ ಹಂಚುವುದು, ಎಲ್ಲಕ್ಕಿಂತ ಚಿಕ್ಕವರಿಗೆ ಮೊದಲನೆಯದು. ತನ್ನ ಸರದಿ ಯಾವಾಗ ಬರುತ್ತದೆಂದು ಗೊತ್ತಿರುವ ಮಗು ಅಲ್ಲಿಯತನಕ ಎಚ್ಚರವಾಗಿರುತ್ತದೆ, ಚಿಕ್ಕದು ತನ್ನದನ್ನು ಮುಗಿಸಿ ಮಲಗಿದರೆ ಯಾರೂ ಬೈಯುವುದಿಲ್ಲ. ತೇರ್ಸ್ ಮುಗಿದ ಮೇಲೆ ಒಬ್ಬೊಬ್ಬರಾಗಿ ಹಿರಿಯರ ಎದುರು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು. ಮಧ್ಯಾಹ್ನ ಜಗಳವಾಡಿದ ಸೊಸೆಯೂ ಕೇಳಬೇಕು, ಅತ್ತೆಯೂ ಕೊಡಬೇಕು. ಹಲವು ಮನೆಗಳಲ್ಲಿ ಜಗಳ ರಾತ್ರಿ ದಾಟದೆ ಇದ್ದದ್ದಕ್ಕೆ ಕಾರಣ ಈ ಕ್ರಮವೇ.

ಆ ತಲೆಮಾರಿನವರಲ್ಲಿ ಅನೇಕರು ಗುರುವಾರ ಸಂತೋಷದ ರಹಸ್ಯಗಳನ್ನೇ ಹೇಳುತ್ತಿದ್ದರು. 2002ರ ಅಕ್ಟೋಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಬೆಳಕಿನ ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಸೂಚಿಸಿದ ಮೇಲೂ ಬಿಡಲಿಲ್ಲ. ಅದನ್ನು ಹಟ ಎಂದುಕೊಳ್ಳಬೇಡಿ. ಐವತ್ತು ವರ್ಷ ಸೋಮವಾರ, ಗುರುವಾರ ಸಂತೋಷ, ಮಂಗಳವಾರ, ಶುಕ್ರವಾರ ದುಃಖ ಎಂದು ಬಾಯಿಗೆ ಕೂತದ್ದು. ಹೊಸ ರಹಸ್ಯಗಳು ಸಾರ್ವಜನಿಕ ಜೀವನದವು: ಜೋರ್ದಾನಿನ ಸ್ನಾನ, ಕಾನಾದ ಮದುವೆ. ಮೊಮ್ಮಕ್ಕಳು ಪುಸ್ತಕ ನೋಡಿ ಹೇಳಿಕೊಟ್ಟ ಮನೆಗಳಲ್ಲಿ ಕಲಿತರು. ಕಾನಾದ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಗಮನಿಸಿದ್ದು ಒಬ್ಬ ತಾಯಿ ಎಂಬ ಕಾರಣಕ್ಕೆ ಅದೊಂದು ಅವರಿಗೆ ಬಹಳ ಹಿಡಿಸಿತು.

ಉಪವಾಸದ ವಿಷಯದಲ್ಲಿ ನಮ್ಮ ತಕರಾರೂ ಇದೆ. ಧರ್ಮಸಭೆಯ ಕಾನೂನಿನಂತೆ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 59 ತುಂಬಿದವರಿಗೆ ಕಡ್ಡಾಯವಿಲ್ಲ. ಎಂಬತ್ತು ದಾಟಿದವರು, ಸಕ್ಕರೆ ಕಾಯಿಲೆಯವರು ಕೂಡ ನಲವತ್ತು ದಿನ ಒಂದೇ ಹೊತ್ತು ಉಂಡು, ಮಾತ್ರೆ ಮಾತ್ರ ಎಂದಿನಂತೆ ನುಂಗಿ, ಸಕ್ಕರೆ ಕುಸಿದು ಬಿದ್ದದ್ದುಂಟು. ಪಾದ್ರಿಗಳು ಹೇಳಿದರೂ ಕೇಳುತ್ತಿರಲಿಲ್ಲ. ಮಕ್ಕಳು ಇದನ್ನು ಹೊಗಳಿ ಬರೆಯುವ ಬದಲು, ಬದುಕಿರುವ ಹಿರಿಯರ ಮಾತ್ರೆಯ ಪ್ರಮಾಣವನ್ನು ಕಪ್ಪು ದಿನಗಳಿಗೆ (ಈಸ್ಟರಿಗೆ ಮುಂಚಿನ ಆ ನಲವತ್ತು ದಿನಗಳಿಗೆ) ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಳ ಜನ್ಮದಿನದ ತೆನೆ ಹಬ್ಬ, ಮನೆಯ ಹಿರಿಯ ಹೆಂಗಸಿನದೇ ಹಬ್ಬ ಎಂದರೂ ಸರಿ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದ ಆರಂಭಿಸಿದ್ದು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಮಕ್ಕಳು ಮಾತೆಗೆ ಹೂವು ಒಯ್ಯುವುದು. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ವೊರ್ನ್ ಪಾಯಸಕ್ಕೋ ಸೇರಿಸಿ, ಹಿರಿಯರಿಂದ ಕಿರಿಯರ ತನಕ ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಹೊಸ ತೆನೆ ಎಳೆಯದಿದ್ದರೆ ಕಾಳಿನಲ್ಲಿ ಹಾಲು ಮಾತ್ರ ಇರುತ್ತದೆ, ಸುಲಿಯಲು ಹೋದರೆ ಜಜ್ಜಿಹೋಗುತ್ತದೆ. ಅದನ್ನು ಹಿಂದಿನ ಸಂಜೆಯೇ ನೋಡಿಕೊಂಡು ಕೆಲವು ಬಲಿತ ತೆನೆ ಬೇರೆ ತರಿಸಿಡುವವರು ಅನುಭವಸ್ಥರು. ಊರಿಗೆ ಬಾರದ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗುತ್ತಿತ್ತು.

ಅವತ್ತು ಬಾಳೆಲೆಯಲ್ಲಿ ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥಗಳ ಸಂಖ್ಯೆ ಬೆಸ ಇರಬೇಕು, ಐದು, ಏಳು ಅಥವಾ ಒಂಬತ್ತು. ಬೆಂಡೆ, ಹೀರೆ, ತೊಂಡೆ, ಅಲಸಂಡೆ ಸುಲಭದವು. ಕೈಗುಣ ತಿಳಿಯುವುದು ಕೆಸುವಿನ ದಂಟಿನಲ್ಲಿ. ಅದರಲ್ಲಿರುವ ಸೂಜಿಯಂಥ ಹರಳುಗಳು ಗಂಟಲನ್ನು ತುರಿಸುತ್ತವೆ. ದಂಟಿನ ಸಿಪ್ಪೆ ತೆಗೆದು, ಬಿಸಿಲಿಗೆ ಸ್ವಲ್ಪ ಬಾಡಿಸಿ, ಅಂಬಟೆಕಾಯಿ ಜಜ್ಜಿ ಹಾಕಿ ಚೆನ್ನಾಗಿ ಬೇಯಿಸಬೇಕು. ಹುಳಿಯನ್ನು ಕೊನೆಗೆ ರುಚಿಗೆಂದು ಹಾಕಿದರೆ ಸಾಲದು, ದಂಟಿನ ಜೊತೆಗೇ ಬೇಯಬೇಕು. ಒಬ್ಬರಿಗೆ ತುರಿಸಿದರೂ ಸಾಕು, ಆ ವರ್ಷದ ಹಬ್ಬದ ಬಗ್ಗೆ ಮುಂದಿನ ವರ್ಷದ ತನಕ ಮಾತಾಡುತ್ತಾರೆ. ಕ್ರಿಸ್ಮಸಿನ ಸಾನ್ನಾಂ (ಕಳ್ಳು ಹಾಕಿ ಉಬ್ಬಿಸುವ ಇಡ್ಲಿ) ಕೂಡ ಹೀಗೆಯೇ: ಒಂದು ಕಿಲೊ ಅಕ್ಕಿಗೆ ಕಾಲು ಕಿಲೊ ಉದ್ದು, ಹುಳಿ ಬರಿಸಲು ಅವತ್ತು ಬೆಳಗ್ಗೆ ಇಳಿಸಿದ ಕಳ್ಳು. ನಿನ್ನೆಯ ಕಳ್ಳಿನಿಂದ ಹಿಟ್ಟು ಉಬ್ಬುವ ಮೊದಲೇ ಹುಳಿಯಾಗುತ್ತದೆ. ಅಂಗಡಿಯ ಯೀಸ್ಟ್ ಹಾಕಿದರೆ ಉಬ್ಬುತ್ತದೆ, ಆದರೆ ಆ ಸೀ ವಾಸನೆ ಬರುವುದಿಲ್ಲ.

ಇನ್ನು ‘ಸಮಾಜಸೇವಕಿ’. ವಾರ್ತೆಗಳಲ್ಲಿ ಎಲ್ಲಕ್ಕಿಂತ ಮಸುಕಾದ ಮಾತು ಇದೇ. ಯಾವ ಸೇವೆ ಎಂದು ಬರೆದರೆ ಅರ್ಥ ಬರುತ್ತದೆ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರೋ? 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಝನಾಂ ಮತ್ತು ಜೊತೆಗಾರರು ಆರಂಭಿಸಿದ ಈ ಸಂಘದ ಕ್ರಮ, ಇಬ್ಬಿಬ್ಬರಾಗಿ ಬಡವರ ಮನೆಗೇ ಹೋಗಿ ಅಕ್ಕಿ, ಔಷಧ, ಫೀಸು ತಲುಪಿಸುವುದು. ಸಭೆಯ ಕೊನೆಗೆ ಸುತ್ತು ಬರುವ ಚೀಲಕ್ಕೆ ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿ ಹಾಕುತ್ತಾರೆ, ಯಾರು ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಲೀಜನ್ ಆಫ್ ಮೇರಿಯವರಾಗಿದ್ದರೆ ಕೆಲಸವೇ ಬೇರೆ. 1921ರಲ್ಲಿ ಡಬ್ಲಿನಿನಲ್ಲಿ ಹುಟ್ಟಿದ ಆ ಸಂಘದಲ್ಲಿ ವಾರಕ್ಕೊಂದು ಸಭೆ, ಒಪ್ಪಿಸಿದ ಕೆಲಸದ ವರದಿ ಬಾಯಿಬಿಟ್ಟು ಹೇಳಬೇಕು, ದುಡ್ಡು ಅಥವಾ ಸಾಮಾನು ಕೊಡುವಂತಿಲ್ಲ. ಕಾಯಿಲೆಯವರ ಬಳಿ ಕೂರುವುದು, ಮಾತು ಬಿಟ್ಟ ಅಣ್ಣತಮ್ಮಂದಿರ ಮನೆ ಮೆಟ್ಟಲು ಹತ್ತುವುದು, ಇಗರ್ಜಿಗೆ ಬಾರದವರನ್ನು ವಿಚಾರಿಸುವುದು ಇವರ ಪಾಲು. ಎರಡನ್ನೂ ಬೆರೆಸಿ ‘ಚರ್ಚ್ ಸಂಘಟನೆಗಳಲ್ಲಿ ಸಕ್ರಿಯರಾಗಿದ್ದರು’ ಎಂದರೆ ಯಾರ ಕೆಲಸವೂ ಹೇಳಿದಂತಾಗಲಿಲ್ಲ.

ಸಂಘ, ಸಭೆ ಯಾವುದೂ ಇಲ್ಲದೆ ನಡೆದ ಸೇವೆಗಳು ಎರಡು. ಒಂದು ಹೆರಿಗೆಯದು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಸೂಲಗಿತ್ತಿಯ ಜೊತೆ ಓಡುತ್ತಿದ್ದ ಬಾಯಮ್ಮಂದಿರಿಗೆ ಒಂದು ಹೆಚ್ಚಿನ ವಿದ್ಯೆ ಗೊತ್ತಿರಬೇಕಿತ್ತು, ಅದು ತುರ್ತು ಸ್ನಾನದೀಕ್ಷೆ (ಮಗುವನ್ನು ಧರ್ಮಸಭೆಗೆ ಸೇರಿಸುವ ಸಂಸ್ಕಾರ). ಮಗು ಉಳಿಯುವುದಿಲ್ಲ ಎಂದು ಕಂಡಾಗ ಪಾದ್ರಿಗಾಗಿ ಕಾಯುವಂತಿಲ್ಲ. ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ ಕೊಡಬಹುದು. ತಲೆಯ ಮೇಲೆ ನೀರು ಹರಿಯಬೇಕು, ಒದ್ದೆ ಬಟ್ಟೆ ಮುಟ್ಟಿಸಿದರೆ ಸಾಲದು. ನೀರು ಹೊಯ್ಯುತ್ತಲೇ ಮಗುವಿನ ಹೆಸರು ಹಿಡಿದು ‘ಪಿತನ, ಸುತನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಸ್ನಾನದೀಕ್ಷೆ ಕೊಡುತ್ತೇನೆ’ ಎನ್ನಬೇಕು. ತಪ್ಪುವುದು ಎಲ್ಲಿ ಎಂದರೆ, ಗಾಬರಿಯಲ್ಲಿ ಒಬ್ಬರು ನೀರು ಹೊಯ್ದು ಇನ್ನೊಬ್ಬರು ಮಾತು ಹೇಳುತ್ತಾರೆ. ಹಾಗೆ ಮಾಡಿದರೆ ಸಂಸ್ಕಾರ ಊರ್ಜಿತವಾಗುವುದಿಲ್ಲ. ಹೊಯ್ಯುವ ಕೈಯೂ ಹೇಳುವ ಬಾಯಿಯೂ ಒಬ್ಬರದೇ ಆಗಿರಬೇಕು. ಮಗು ಬದುಕಿದರೆ ಇಗರ್ಜಿಗೆ ಒಯ್ದಾಗ ನೀರನ್ನು ಮತ್ತೆ ಹೊಯ್ಯುವುದಿಲ್ಲ, ಉಳಿದ ವಿಧಿಗಳನ್ನಷ್ಟೇ ಮಾಡಿ ಪುಸ್ತಕದಲ್ಲಿ ಬರೆಯುತ್ತಾರೆ.

ಇನ್ನೊಂದು ಹೆಣ ಸಿದ್ಧ ಮಾಡುವುದು. ಇದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಆದರೆ ವಾಡೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಅತಿ ದೊಡ್ಡ ಉಪಕಾರ ಅದೇ ಆಗಿತ್ತು. ಉಸಿರು ನಿಂತೊಡನೆ ಕಣ್ಣು ಮುಚ್ಚಿ, ದವಡೆಯ ಕೆಳಗಿಂದ ನೆತ್ತಿಗೆ ಬಟ್ಟೆ ಕಟ್ಟಬೇಕು. ಎರಡು ಮೂರು ಗಂಟೆಯಲ್ಲಿ ಸೆಟೆಯಲು ಶುರುವಾಗುವುದು ದವಡೆಯಿಂದಲೇ, ಆಮೇಲೆ ಬಾಯಿ ಮುಚ್ಚುವುದಿಲ್ಲ. ಕೈಕಾಲು ನೇರ ಮಾಡಿ, ಬೆಚ್ಚಗಿನ ನೀರಿನಲ್ಲಿ ಒರೆಸಿ, ಉಗುರು ಕತ್ತರಿಸಿ, ಬಟ್ಟೆ ಉಡಿಸಬೇಕು. ಕೈ ಸೆಟೆದಿದ್ದರೆ ರವಕೆಯ ಬೆನ್ನು ಉದ್ದಕ್ಕೆ ಸೀಳಿ ಎದುರಿನಿಂದ ತೊಡಿಸಿ ಬದಿಗೆ ಸಿಕ್ಕಿಸುವುದೇ ಉಪಾಯ. ಜೋಡಿಸಿದ ಬೆರಳುಗಳಿಗೆ ಜಪಸರ ಸುತ್ತುವಾಗ ಶಿಲುಬೆ ಮೇಲ್ಮುಖವಾಗಿರಬೇಕು. ಮತ್ತೆ ಚಿನ್ನ. ಬೆಂಡೋಲೆ, ಬಳೆ, ಉಂಗುರ ತೆಗೆಯುವುದಿದ್ದರೆ ಇಬ್ಬರ ಎದುರು ಎಣಿಸಿ, ಕರವಸ್ತ್ರದಲ್ಲಿ ಗಂಟು ಹಾಕಿ, ಮನೆಯ ಹಿರಿಮಗಳ ಕೈಗೆ ಆಗಲೇ ಒಪ್ಪಿಸಬೇಕು. ‘ಆಮೇಲೆ ಕೊಡೋಣ’ ಎಂದ ಕಡೆಗಳಲ್ಲಿ ತೀರಿಕೊಂಡು ತಿಂಗಳಾದಾಗ ನಡೆಯುವ ತಿಂಗಳ ಪೂಜೆಗೆ ಮೊದಲೇ ಅಕ್ಕತಂಗಿಯರ ಮಾತು ನಿಂತುಹೋಗಿದೆ. ಈಗ ಶವಾಗಾರದ ಪೆಟ್ಟಿಗೆ ಬಂದಿದೆ, ವಿದೇಶದ ಮಕ್ಕಳು ಬರುವ ತನಕ ಮೂರು ದಿನ ಕಾಯುತ್ತಾರೆ, ಈ ಕೆಲಸ ಆಸ್ಪತ್ರೆಯವರದಾಗಿದೆ. ಹಿಂದೆ ಜಾತಿ, ಮತ ನೋಡದೆ ಕರೆದಲ್ಲಿಗೆ ಹೋಗಿ ಇದನ್ನು ಮಾಡಿದವರ ಹೆಸರು ವಾರ್ತೆಯಲ್ಲಿ ‘ಸಮಾಜಸೇವಕಿ’ ಎಂಬಲ್ಲಿಗೆ ಮುಗಿಯುತ್ತದೆ.

ಹಾಗಾದರೆ ಬರೆಯುವುದು ಹೇಗೆ? ತೀರಿಕೊಂಡ ದಿನವೇ ಪತ್ರಿಕೆಗೆ ಕಳಿಸಬೇಕಾದ್ದರಿಂದ ಆಗ ಹೆಚ್ಚು ಸಾಧ್ಯವಿಲ್ಲ. ತಿಂಗಳ ಪೂಜೆಗೆ ಎಲ್ಲರೂ ಸೇರುತ್ತಾರೆ. ಅಷ್ಟರೊಳಗೆ ಮಾಹಿತಿ ಒಟ್ಟುಮಾಡಿದರೆ ಅವತ್ತು ಓದಿ, ತಿದ್ದಿ, ಸ್ಮರಣೆಯ ಪುಟಕ್ಕೆ ಕಳಿಸಬಹುದು. ತಡಮಾಡಿದರೆ ಆಗುವ ನಷ್ಟ ನಿಶ್ಚಿತ: ಮಂಚದ ಅಡಿಯ ಟ್ರಂಕು ಖಾಲಿ ಮಾಡುವಾಗ ಮಲ್ಲಿಗೆ ಪುಸ್ತಕ, ಹಳೆಯ ಕಾಗದ, ‘ರಾಕ್ಣೊ’ ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲ ಒಲೆಗೋ ಗುಜರಿಗೋ ಹೋಗುತ್ತವೆ. ಪ್ರಾರ್ಥನಾ ಪುಸ್ತಕವನ್ನು ಮಾತ್ರ ಬಿಚ್ಚದೆ ಎಸೆಯಬೇಡಿ. ಅದರ ಹಾಳೆಗಳ ನಡುವೆ ಸತ್ತವರ ಸ್ಮರಣೆಯ ಚೀಟಿಗಳಿರುತ್ತವೆ, ಒಂದೊಂದರಲ್ಲೂ ಹುಟ್ಟಿದ, ಸತ್ತ ತಾರೀಕು ಅಚ್ಚಾಗಿರುತ್ತದೆ. ಇಡೀ ಬಂಧುಬಳಗದ ವಂಶಾವಳಿ ಅಷ್ಟರಲ್ಲೇ ಸಿಗುತ್ತದೆ.

ಹುಟ್ಟಿದ ವರ್ಷಕ್ಕೆ ಆಧಾರ್ ನಂಬಬೇಡಿ. ಆ ತಲೆಮಾರಿನ ಅನೇಕರಿಗೆ ಅದರಲ್ಲಿ ಜನವರಿ 1 ಎಂದಿದೆ, ವರ್ಷವೂ ಅಂದಾಜಿನದು. ಸ್ನಾನದೀಕ್ಷೆಯಾದ ಇಗರ್ಜಿಯ ಪುಸ್ತಕವೇ ಸರಿ, ಅದು ಅವರ ತವರಿನ ಇಗರ್ಜಿ, ಗಂಡನ ಮನೆಯದಲ್ಲ. ತಾರೀಕು, ತಂದೆ, ತಾಯಿ, ದೀಕ್ಷೆಗೆ ಹೊಣೆ ನಿಂತ ಧರ್ಮಪಿತ, ಧರ್ಮಮಾತೆ ಎಲ್ಲರ ಹೆಸರು ಅಲ್ಲಿರುತ್ತದೆ. ಮುಂದೆ ದೃಢೀಕರಣ, ಮದುವೆ ಆದಾಗ ಅದನ್ನೂ ಅದೇ ನಮೂದಿನ ಅಂಚಿನಲ್ಲಿ ಬರೆಯುವ ಕ್ರಮ ಇರುವುದರಿಂದ ಮದುವೆ ಯಾವ ಇಗರ್ಜಿಯಲ್ಲಾಯಿತು ಎಂಬ ದಾರಿಯೂ ಅಲ್ಲೇ ಸಿಗುತ್ತದೆ. ಹಳೆಯ ಪುಟಗಳು ಲ್ಯಾಟಿನಿನಲ್ಲಿದ್ದರೆ ಮನೆಯಲ್ಲಿ ಕರೆದ ಹೆಸರು ಹುಡುಕಿದರೆ ಸಿಗದು, ತಂದೆಯ ಹೆಸರು ಮತ್ತು ವರ್ಷ ಹಿಡಿದು ಹುಡುಕಬೇಕು. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯವಾಯಿತೆಂದು ಮಂಗಳೂರಿಗೆ ಓಡಬೇಕಾಗಿಲ್ಲ, ಮೊದಲು ಕೇಳಬೇಕಾದದ್ದು ಆಯಾ ಇಗರ್ಜಿಯಲ್ಲೇ.

ಸರ್ಕಾರಿ ಕೆಲಸವೂ ಇದರ ಜೊತೆಗೇ ಆಗಬೇಕು. ಮನೆಯಲ್ಲಿ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸುವುದು ಮನೆಯವರ ಜವಾಬ್ದಾರಿ. ಇಗರ್ಜಿಯ ಸಮಾಧಿ ಪುಸ್ತಕದಲ್ಲಿ ಬರೆದರೆ ಮುಗಿಯಿತು ಎಂದುಕೊಂಡವರು ಒಂದು ವರ್ಷ ದಾಟಿದ ಮೇಲೆ ದಂಡಾಧಿಕಾರಿಯ ಆದೇಶಕ್ಕೆ ಅಲೆಯುತ್ತಾರೆ. ಒಬ್ಬರಿಗೇ ಮೂರು ನಾಲ್ಕು ಹೆಸರಿರುವುದು ದೊಡ್ಡ ತೊಡಕು: ದೀಕ್ಷೆಯ ಹೆಸರು, ಮನೆಯ ಹೆಸರು, ತವರಿನ ಅಡ್ಡಹೆಸರು, ಗಂಡನ ಅಡ್ಡಹೆಸರು. ಪಹಣಿಯಲ್ಲೊಂದು, ಬ್ಯಾಂಕಿನಲ್ಲೊಂದು ಇದ್ದರೆ ಮರಣ ಪತ್ರಕ್ಕೆ ಯಾವುದನ್ನು ಬರೆಸಬೇಕೆಂದು ಮೊದಲೇ ಕೂತು ತೀರ್ಮಾನಿಸಿ. ಜಾಗ ಮತ್ತು ಖಾತೆಯ ದಾಖಲೆಯಲ್ಲಿರುವ ಹೆಸರೇ ಉಪಯೋಗಕ್ಕೆ ಬರುವುದು.

ಬರೆಯುವಾಗ ಮಕ್ಕಳನ್ನಷ್ಟೇ ಕೇಳಿದರೆ ‘ಅಮ್ಮ ತುಂಬ ಕಷ್ಟಪಟ್ಟಳು’ ಎಂಬುದರಾಚೆ ಹೋಗುವುದಿಲ್ಲ. ಹೂವಿನ ಕಟ್ಟೆಯವರನ್ನು, ಪಕ್ಕದ ಶೆಟ್ಟರ ಮನೆಯ, ಪೂಜಾರಿಯವರ ಮನೆಯ, ಬ್ಯಾರಿಗಳ ಮನೆಯ ಹಿರಿಯರನ್ನು, ವಾಡೆಯ ಮುಖಂಡರಾದ ಗುರ್ಕಾರರನ್ನು ಕೇಳಬೇಕು. ಕೇಳುವ ಪ್ರಶ್ನೆಯೂ ಸಣ್ಣದಿರಲಿ: ಎಷ್ಟು ಗಂಟೆಗೆ ಏಳುತ್ತಿದ್ದರು, ಎಷ್ಟು ಗಿಡವಿತ್ತು, ಯಾರ ಫೀಸು ಕಟ್ಟಿದರು, ಯಾರ ಬಾಣಂತನ ಮಾಡಿದರು, ಯಾವ ಮನೆಗೆ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ತಪ್ಪದೆ ಹೋಗುತ್ತಿತ್ತು. ಹಾಗೆ ಕೇಳಿದರೆ ಹೊಗಳಿಕೆಗೆ ಬದಲು ಸಂಗತಿ ಸಿಗುತ್ತದೆ.

ಪತ್ರಿಕೆಯಲ್ಲಿ ನಮ್ಮ ಬೇಡಿಕೆ ಇಷ್ಟೇ. ನಿಧನ ವಾರ್ತೆಯ ನಿಮ್ಮ ನಮೂನೆಯಲ್ಲಿ ತೀರಿಕೊಂಡವರ ತವರು ಮನೆಯ ಹೆಸರು ಮತ್ತು ಮಾಡಿದ ಕೆಲಸ ಎಂಬ ಎರಡು ಸಾಲು ಸೇರಿಸಿ. ಜಾಗ ಸಾಲದಿದ್ದರೆ ಮಕ್ಕಳ ಹುದ್ದೆ ಕತ್ತರಿಸಿ, ಇದನ್ನು ಕತ್ತರಿಸಬೇಡಿ. ‘ಗೃಹಿಣಿ’ ಎಂದು ಬರೆದು ಬಂದರೆ ವರದಿಗಾರರು ಒಂದು ಫೋನ್ ಮಾಡಿ ವಿಚಾರಿಸಲಿ. ನವೆಂಬರ್ 2ರಂದು ಎಲ್ಲ ಇಗರ್ಜಿಗಳಲ್ಲಿ ಸಮಾಧಿ ಆಶೀರ್ವಾದ ನಡೆಯುತ್ತದೆ. ಆ ವಾರ ಒಂದು ಪುಟ ಬಿಟ್ಟುಕೊಟ್ಟರೆ, ತಲಾ 150 ಪದ ಮೀರದಂತೆ ಬರೆದು ಕಳಿಸಲು ನಮ್ಮ ವಾಡೆಗಳ ಮನೆಯವರಿಗೆ ಹೇಳುತ್ತೇವೆ. ಫೋಟೊ ಮದುವೆಯದೋ ಕೊನೆಯ ಹುಟ್ಟುಹಬ್ಬದ್ದೋ ಆಗಬೇಕೆಂದಿಲ್ಲ, ಜಗಲಿಯಲ್ಲಿ ಹೂವು ಕಟ್ಟುತ್ತಿರುವುದು ಸಿಕ್ಕಿದರೆ ಅದನ್ನೇ ಹಾಕಿ.

ಇತಿ,
ಶಂಕರಪುರ, ಮೂಡುಬೆಳ್ಳೆ, ಪಾಂಬೂರು ಸುತ್ತಿನ ಕೆಲವು ಓದುಗರು